ನೇಯ್ದವರ ಹೆಸರು
ಸಂಶಿಯ ಶಗುಫ್ತಾಳ ಮುಂದೆ ವೆಬ್‌ಸೈಟಿನ ಬಣ್ಣದ ಮಾತೆತ್ತಬಾರದು. ‘ಮಾರಿಗೆ ಪೌಡರ್ ಆಮ್ಯಾಲೆ ಹಚ್ಚೂಣ್ರಿ, ಮೊದಲ ಹೊಟ್ಟಿಗೆ ಏನ ಹಾಕ್ತೀರಿ ಹೇಳ್ರಿ,’ ಎನ್ನುತ್ತಾಳೆ. ಅವಳು ಕಟ್ಟುವುದು ಹೆಡ್‌ಲೆಸ್ ಸಿಎಂಎಸ್, ಎಂದರೆ ತೋರಿಕೆಯ ಮುಖವಿಲ್ಲದ ಮಾಹಿತಿ ಸಂಗ್ರಹ, ಕಾಳಿನ ಹಗೇವಿನಂಥದು: ಒಮ್ಮೆ ತುಂಬಿದ ಮಾಹಿತಿ ಅಲ್ಲಿಂದಲೇ ಮೊಬೈಲಿಗೂ ಹೋಗುತ್ತದೆ, ಅಂಗಡಿಯ ಟಿವಿಗೂ. ಜಗತ್ತೆಲ್ಲ ಅವಳಿಗೆ ತುಂಬಲೇಬೇಕಾದ, ಇಲ್ಲವೇ ಖಾಲಿ ಬಿಡಬಹುದಾದ ಖಾನೆಗಳೇ. ಗಂಡಿನ ಕಡೆಯವರು ಬಂದಾಗಲೂ ‘ನೌಕರಿ ಕಡ್ಡಾಯ, ಫೋಟೋ ಇರದಿದ್ರೂ ನಡೀತೈತಿ,’ ಎಂದವಳು. ಸೀರೆ ವ್ಯಾಪಾರಿ ಪಂಢರಿನಾಥರ ಸೈಟಿನಲ್ಲಿ ‘ನೇಯ್ದವರ ಹೆಸರು’ ತುಂಬದೆ ಒಂದು ಸೀರೆಯೂ ಪ್ರಕಟವಾಗದಂತೆ ಮಾಡಿದಳು. ‘ಆ ಖಾನೆ ತಗದ ಬಿಡವಾ, ಗಿರಾಕಿ ಯಾರ ಕೇಳ್ತಾರ?’ ಎಂದರು ಅವರು. ‘ಅದನ್ನ ತಗದ್ರ ಇಡೀ ಸೈಟ್ ತಗೀತೀನ್ರಿ, ಕಾಕಾ!’ ಖಾನೆ ಉಳಿಯಿತು. ನಲವತ್ತು ವರ್ಷ ಮಗ್ಗದಲ್ಲಿ ಕೂತ ಶಗುಫ್ತಾಳ ಅಜ್ಜಿ ಹಸನಬಿ, ಸೈಟಿನ ಮೊದಲ ಸೀರೆಯ ಕೆಳಗೆ ಮೂಡಿದ ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿ, ‘ಇದನ್ನ ಯಾರ್ಯಾರ ನೋಡ್ತಾರ?’ ಎಂದಳು. ‘ಸೀರಿ ನೋಡಿದವ್ರೆಲ್ಲಾ ನೋಡಾಕಬೇಕ, ದಾದಿ.’