ಅಕ್ಕನ ಮಡಕೆ

ಮಳೆ ಬಂದು ಅಕ್ಕನ ಚಿತೆಯ ಬೂದಿಯೆಲ್ಲ ಕೊಚ್ಚಿಹೋಗಬಹುದಿತ್ತು. ಪಕ್ಕದ ಚಿತೆಯವರ ಎಲುಬು ಅವಳದರ ಜೊತೆ ಸೇರಬಹುದಿತ್ತು. ಕಾಪುವಿನ ಸ್ಮಶಾನದಿಂದ ಕಡಲಿಗೆ ಹೋಗುವಾಗ ಮಡಕೆ ಕೈಜಾರಬಹುದಿತ್ತು. ಅಥವಾ ನಾನು ಅಳುವುದನ್ನು ಬಿಟ್ಟು ಪಾಠ ಶುರುಮಾಡಬಹುದಿತ್ತು.

ಈ ಕೊನೆಯದೇ ನಿಜವಾದ ಹೆದರಿಕೆ. ಮಣಿಪಾಲದಲ್ಲಿ ನನ್ನ ಕೆಲಸವೇ ಸುಟ್ಟ ಎಲುಬು ನೋಡಿ ಪಾಠ ಹೇಳುವುದು. ಕಾರ್ಕಳದ ಕಡೆ ಅಗೆಯುವಾಗ ಸಿಕ್ಕಿದ, ಎಲುಬು ತುಂಬಿದ ಹಳೆಯ ಮಡಕೆಗಳು ನನ್ನ ಮೇಜಿಗೆ ಬರುತ್ತವೆ. ಎಲುಬು ಬೆಳ್ಳಗಾಗಿದ್ದರೆ ಬೆಂಕಿ ಜೋರಾಗಿತ್ತು, ಕಪ್ಪಾಗಿಯೇ ಉಳಿದಿದ್ದರೆ ಕಟ್ಟಿಗೆ ಸಾಲಲಿಲ್ಲ. ಪಾದದ ಚೂರು ಅಡಿಯಲ್ಲಿ, ಬುರುಡೆಯ ಚೂರು ಮೇಲೆ ಇದ್ದರೆ, ತಮ್ಮವರು ಮಡಕೆಯೊಳಗೂ ನೆಟ್ಟಗೆ ಕೂತಿರಲಿ ಎಂದು ತುಂಬಿಸಿದವರಿಗೆ ಅನಿಸಿತ್ತು. ನಮ್ಮ ಮನೆಯಲ್ಲೂ ಅದೇ ಕ್ರಮ: ಕಾಲಿನಿಂದ ಆರಿಸತೊಡಗಿ ತಲೆಗೆ ಮುಗಿಸುವುದು. ಕಾರ್ಕಳದ ಒಂದು ಮಡಕೆಯಲ್ಲಿ ಮಾತ್ರ ಎಲ್ಲ ತಿರುವುಮುರುವಾಗಿತ್ತು. ಅದು ಬೇರೊಂದು ಪಂಗಡದ ಆಚರಣೆ ಎಂದು ವಿದ್ಯಾರ್ಥಿಗಳಿಗೆ ಬಹಳ ಗಂಭೀರವಾಗಿ ಹೇಳಿದ್ದೆ.

ಅಕ್ಕನಿಗೆ ನಾನು, ನನಗೆ ಅಕ್ಕ, ಅಷ್ಟೇ ಇದ್ದದ್ದು. ಪರ್ಕಳದ ನನ್ನ ಬಾಡಿಗೆ ಕೋಣೆಗೆ ಫೋನ್ ಮಾಡಿ, ಊಟಕ್ಕೆ ಎಂತ ಎಂದು ಕೇಳಿ, ಉತ್ತರ ಏನೇ ಇದ್ದರೂ ಬೈಯುತ್ತಿದ್ದವಳು ಅವಳೊಬ್ಬಳೇ. ಈ ಒಂದು ಕೆಲಸವನ್ನಾದರೂ ಅವಳ ತಮ್ಮನಾಗಿಯೇ ಮಾಡಬೇಕು ಎಂದುಕೊಂಡಿದ್ದೆ.

ಮಳೆ ಬರಲಿಲ್ಲ. ಜೊತೆಗೆ ಬಂದವನು ದೋಣಿ ಇಟ್ಟುಕೊಂಡಿರುವ ಚಿಕ್ಕಮ್ಮನ ಮಗ ಒಬ್ಬನೇ. ಎಲುಬು ಬೆಳ್ಳಗಿತ್ತು, ಕಟ್ಟಿಗೆಯಲ್ಲಿ ಯಾರೂ ಕಂಜೂಸು ಮಾಡಿರಲಿಲ್ಲ. ನೀರು ಚಿಮುಕಿಸಿ, ಬಗ್ಗಿ, ಒಂದೊಂದನ್ನೇ ಆರಿಸಿದೆ. ಪಾಠ ಮಾಡಲಿಲ್ಲ, ಅಳುತ್ತಲೇ ಇದ್ದೆ. ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ದೋಣಿಯಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಿ ಕಡಲಿಗೆ ಬಿಟ್ಟದ್ದೂ ಆಯಿತು.

ಮಡಕೆ ಮುಳುಗಿದ ಮೇಲೆ ನನಗೆ ಹೊಳೆಯಿತು. ಮಣಿಪಾಲದ ಮೇಜಿನ ಮೇಲೆ ನಾವು ಎಲುಬು ಜೋಡಿಸುವುದು ಬುರುಡೆಯಿಂದ ಕೆಳಕ್ಕೆ. ಸ್ಮಶಾನದಲ್ಲೂ ಕೈ ತನ್ನ ಅಭ್ಯಾಸದಂತೆ ಬುರುಡೆಯಿಂದಲೇ ಶುರುಮಾಡಿತ್ತು. ಕಾರ್ಕಳದ ಆ ಮಡಕೆಯದ್ದೂ ಪಂಗಡದ ಆಚರಣೆಯಲ್ಲ, ಯಾರೋ ಒಬ್ಬ ತಮ್ಮನ ಗಾಬರಿ ಇರಬಹುದು.

ಅಕ್ಕನನ್ನು ತಲೆಕೆಳಗಾಗಿ ಕಳಿಸಿದೆ ಎಂದೆ.

"ಸೀದಾ ಕೂರಿಸಿದ್ರೂ ಅವಳು ನಿನಗೆ ಬೈಯದೆ ಬಿಡ್ತಿದ್ದಳಾ ಮಾರಾಯ?" ಎಂದು ಚಿಕ್ಕಮ್ಮನ ಮಗ ದೋಣಿ ತಿರುಗಿಸಿದ.