ಸಂದರ್ಶನದ ಕೋಣೆಗೆ ಮಕ್ಕಳನ್ನು ಕಳಿಸುವ ಲೈಬ್ರರಿ ಅಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಪ್ರೌಢಶಾಲೆಯ ಗ್ರಂಥಾಲಯದಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಮಿಣುಕುತ್ತಿದೆ. ಓದುವ ಮೇಜನ್ನು ಗೋಡೆಗೆ ದೂಡಿ, ಅದರ ಹಿಂದೆ ಮೂರು ಕುರ್ಚಿ, ಎದುರಿಗೊಂದು ಒಂಟಿ ಕುರ್ಚಿ ಇಡುತ್ತಾರೆ ಲೈಬ್ರರಿ ಅಕ್ಕ. ಹೊರಗೆ ನಿಂತ ಹುಡುಗಿ ಬಾಗಿಲು ತಟ್ಟುತ್ತಾಳೆ. ಒಳಗೆ ಬರುತ್ತಾಳೆ. ಒಂಟಿ ಕುರ್ಚಿಯ ತುದಿಗೆ ಕೂರುತ್ತಾಳೆ.

ಹತ್ತು ಗಂಟೆಗೆ ಅವಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸಂದರ್ಶನ. ಇದೇ ಶಾಲೆಯಲ್ಲಿ ಓದಿ ಪಿಯುಸಿ ಮುಗಿಸಿದವಳು; ಅಂಕಗಳಿವೆ, ಆಸೆಯಿದೆ. ಆದರೆ ಮನೆಯ ಬಗ್ಗೆ ಯಾರಾದರೂ ಕೇಳಿದರೆ ನಾಲಿಗೆ ಬಿದ್ದುಹೋಗುತ್ತದೆ. ಸೀಟು ತಪ್ಪಿದರೆ ಮುಂದೆ ದಾರಿಯಿಲ್ಲ. ಅಕ್ಕನ ನಿದ್ದೆ ಕೆಟ್ಟಿರುವುದು ಅದಕ್ಕೇ.

ಪುಸ್ತಕ ಜೋಡಿಸುವುದು, ಧೂಳು ಹೊಡೆಯುವುದು ಅಕ್ಕನ ಕೆಲಸ. ಅದೂ ವರ್ಷ ವರ್ಷ ನವೀಕರಣವಾಗಬೇಕಾದ ತಾತ್ಕಾಲಿಕ ಹುದ್ದೆ. ಕಾಲೇಜಿಗೆ ಹೊರಟ ಮಕ್ಕಳನ್ನು ಸಂದರ್ಶನಕ್ಕೆ ತಯಾರು ಮಾಡಿ ಎಂದು ಯಾರೂ ಹೇಳಿಲ್ಲ, ಯಾರೂ ಸಂಬಳ ಕೊಡುವುದಿಲ್ಲ. ಮನೆಯಲ್ಲಿ ಅತ್ತೆಯ ಮಂಗಳಾರತಿ ಬೇರೆ: ಊರ ಮಕ್ಕಳ ಉಸಾಬರಿ ಹೊತ್ತ ಮಹಾತಾಯಿಗೆ ಹೆತ್ತ ಮಗ ಹಲ್ಲುಜ್ಜಿದನೋ ಇಲ್ಲವೋ ಗೊತ್ತಿಲ್ಲವಂತೆ. ಹಾಗೆ ಗೊಣಗುತ್ತಲೇ ಅತ್ತೆ ಮೊಮ್ಮಗನಿಗೆ ತಲೆ ಬಾಚಿ ಶಾಲೆಗೆ ಕಳಿಸುತ್ತಾರೆ.

ಮೊದಲೆಲ್ಲ ಅಕ್ಕ ಮಕ್ಕಳಿಗೆ ಚೆಂದದ ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಒಬ್ಬ ಹುಡುಗ ಎಷ್ಟು ಉರು ಹೊಡೆದಿದ್ದನೆಂದರೆ, ಸಂದರ್ಶನ ಮಾಡುವವರು "ತಿಂಡಿ ಆಯ್ತೇನಪ್ಪ?" ಅಂದದ್ದಕ್ಕೆ, "ಸಮಾಜಸೇವೆಯೇ ನನ್ನ ಗುರಿ ಸರ್" ಅಂದುಬಿಟ್ಟ. ಎಲ್ಲರೂ ನಕ್ಕರು, ಸೀಟು ಮಾತ್ರ ಕೊಡಲಿಲ್ಲ. ಹಸಿದು ಬಂದ ಮಗುವಿನ ಹೊಟ್ಟೆ ವಿಚಾರಿಸಿ, ಬೆದರಿದ ಬಾಯನ್ನು ಕಂಡು ನಗುವವರನ್ನು ನಾವು ವಿದ್ಯಾವಂತರೆಂದು ಕರೆಯುತ್ತೇವೆ.

ಅಲ್ಲಿಂದ ಅಕ್ಕ ಬಾಯಿಪಾಠ ಬಿಡಿಸಿದರು. ಈಗ ಪ್ರಶ್ನೆ ಕೇಳುವವರು ದಿನಕ್ಕೊಬ್ಬರು: ಎಲೆಕ್ಟ್ರಿಷಿಯನ್, ಹಾಲಿನವರು, ಶಾಲೆಯ ವಾಚ್‌ಮನ್ ತಾತ. ಕುರ್ಚಿ ಸಿಕ್ಕಿದ್ದೇ ತಾತನಿಗೆ ಎಲ್ಲಿಲ್ಲದ ಗತ್ತು. ಕೊನೆಯ ದಿನ ಮಾತ್ರ ಆ ಕುರ್ಚಿಯಲ್ಲಿ ಮಗುವಿನ ಅಪ್ಪನೋ ಅಮ್ಮನೋ ಕೂರಬೇಕು. ಅದು ಅಕ್ಕನ ಕಟ್ಟಪ್ಪಣೆ.

ಮೊನ್ನೆ ಅಮ್ಮನ ಕೆಲಸವೇನೆಂದು ತಾತ ಕೇಳಿದಾಗ, "ಆಸ್ಪತ್ರೆಯಲ್ಲಿದ್ದಾರೆ" ಎಂದಿದ್ದಳು ಹುಡುಗಿ. ತಾತ ಗಾಬರಿಯಾಗಿ ಏನು ಕಾಯಿಲೆ ಎಂದು ವಿಚಾರಿಸಿದರು. ನಿನ್ನೆ ಉತ್ತರ ಬದಲಾಯಿತು: ಅಮ್ಮ ನರ್ಸ್. ಯಾವ ವಾರ್ಡು ಎಂದು ಹಾಲಿನವರು ಕೇಳಿದ್ದಕ್ಕೆ ಹುಡುಗಿ ನೆಲ ನೋಡಿದಳು. ಅಕ್ಕನಿಗೆ ಸತ್ಯ ಗೊತ್ತಿತ್ತು, ಬೈಯಲಿಲ್ಲ. "ಸುಳ್ಳು ಅವಳದಲ್ಲ, ಆ ಕುರ್ಚಿಗಳದು. ನಿಜ ಹೇಳಿದ್ರೆ ಮುಖ ಸಿಂಡರಿಸ್ತಾರೆ ಅಂತ ಮಕ್ಕಳಿಗೆ ಯಾರು ಕಲಿಸಿದ್ದು?" ಎನ್ನುತ್ತಾರೆ.

ಇವತ್ತು ಕೊನೆಯ ದಿನ. ರಾತ್ರಿಪಾಳಿ ಮುಗಿಸಿದ ತಾಯಿ ಆಸ್ಪತ್ರೆಯಿಂದ ನೇರ ಬಂದಿದ್ದಾರೆ. ಅಲ್ಲಿನ ಬಟ್ಟೆ ಒಗೆಯುವ ವಿಭಾಗ ಅವರದು. ಬೆರಳುಗಳು ಸೋಪಿನ ನೀರಿಗೆ ಬೆಳ್ಳಗೆ ಸುಕ್ಕುಗಟ್ಟಿವೆ. ಕುರ್ಚಿ ಕಂಡು ಹಿಂಜರಿಯುತ್ತಾರೆ. ನಿಂತುಕೊಂಡೇ ಕೇಳುತ್ತೇನೆ ಎಂದು ಗೋಗರೆಯುತ್ತಾರೆ. ಅಕ್ಕ ಭುಜ ಹಿಡಿದು ಕೂರಿಸುತ್ತಾರೆ.

ಒಂದೆರಡು ಪ್ರಶ್ನೆಯಾದ ಮೇಲೆ ತಾಯಿ ಅಕ್ಕನ ಮುಖ ನೋಡಿ, ಆಮೇಲೆ ಮಗಳತ್ತ ತಿರುಗಿ, ಮೆಲ್ಲಗೆ ಕೇಳುತ್ತಾರೆ: "ನಿಮ್ಮಮ್ಮ ಏನು ಕೆಲ್ಸ ಮಾಡ್ತಾರಮ್ಮ?"

ಹುಡುಗಿ ತಾಯಿಯ ಬೆರಳುಗಳನ್ನೇ ನೋಡುತ್ತಾಳೆ. ಅಕ್ಕನಿಗೆ ಅದೇ ಚಿಂತೆ: ಇಲ್ಲೇ ಹೀಗಾದರೆ ಕಾಲೇಜಿನಲ್ಲಿ? ಪಕ್ಕದ ಕುರ್ಚಿಯಲ್ಲಿರುವ ವಾಚ್‌ಮನ್ ತಾತ ಕೂಡ ಕೆಮ್ಮು ತಡೆದುಕೊಂಡಿದ್ದಾರೆ.

"ಬಟ್ಟೆ ಒಗೀತಾರೆ," ಎನ್ನುತ್ತಾಳೆ ಕೊನೆಗೆ. "ಆಸ್ಪತ್ರೇಲಿ. ರೋಗಿಗಳ ಹಾಸಿಗೆ ಬಟ್ಟೆ. ರಕ್ತದ ಕಲೆಗೆ ಬಿಸಿನೀರು ಹಾಕ್ಬಾರ್ದು, ತಣ್ಣೀರೇ ಹಾಕ್ಬೇಕು ಅಂತ ನಂಗೆ ಹೇಳಿಕೊಟ್ಟೋರು ಅವ್ರೇ."

ತಾಯಿಗೆ ಮುಂದಿನ ಪ್ರಶ್ನೆ ಮರೆತುಹೋಗಿದೆ. ಸೆರಗಿನಲ್ಲಿ ಮೂಗೊರೆಸಿಕೊಂಡು, ಸಂದರ್ಶನ ಮಾಡುವವರು ಹೀಗೆ ಅಳುತ್ತಾರಾ ಎಂದು ತಾತನಿಂದ ಬೈಸಿಕೊಳ್ಳುತ್ತಾರೆ.

ತಾಯಿ ಮಗಳು ಬಸ್ಸು ಹತ್ತಿದ ಮೇಲೆ ಅಕ್ಕ ಪುಸ್ತಕ ಜೋಡಿಸತೊಡಗುತ್ತಾರೆ. ಇತಿಹಾಸದ ಪುಸ್ತಕ ಗಣಿತದ ಕಪಾಟು ಸೇರುತ್ತದೆ. ಇಲ್ಲಿ ಹೇಳಿದ್ದನ್ನು ಅಲ್ಲಿ ಹೇಳುತ್ತಾಳೆಂದು ಏನು ಖಾತ್ರಿ? ಹೇಳಿದರೂ ಅವರು ನಗುವುದಿಲ್ಲವೆಂದು ಏನು ಖಾತ್ರಿ? ಬಟ್ಟೆ ಒಗೆಯುವವಳ ಮಗಳನ್ನು ಕಾಲೇಜಿನ ಬಾಗಿಲಲ್ಲೇ ಜರಡಿ ಹಿಡಿಯುವ ಈ ವ್ಯವಸ್ಥೆಗೆ, ಆ ತಾಯಿ ಒಗೆದ ಹಾಸಿನ ಮೇಲೆ ಮಲಗಲು ಮಾತ್ರ ಎಂದೂ ನಾಚಿಕೆಯಾಗಿಲ್ಲ.

ಮಧ್ಯಾಹ್ನ ತಾಯಿಯ ಫೋನು ಬರುತ್ತದೆ. ಅಮ್ಮನ ಕೆಲಸದ ಬಗ್ಗೆ ಕೇಳಿದರಂತೆ. ಮಗಳು ತಲೆ ತಗ್ಗಿಸದೆ ಹೇಳಿದಳಂತೆ. ಕೋಣೆಯಲ್ಲಿ ಯಾರೂ ನಗಲಿಲ್ಲವಂತೆ, ಮೆಚ್ಚಲೂ ಇಲ್ಲವಂತೆ. ಸೀಟಿನ ವಿಷಯ ಮುಂದಿನ ವಾರ ತಿಳಿಸುತ್ತಾರಂತೆ.

ಅಕ್ಕ ಫೋನು ಇಟ್ಟು, ಗಣಿತದ ಕಪಾಟಿನಿಂದ ಇತಿಹಾಸದ ಪುಸ್ತಕವನ್ನು ಹೊರಗೆಳೆಯುತ್ತಾರೆ.

"ನಮ್ಮ ಹುಡುಗಿ ಉತ್ತರ ಹೇಳಾಯ್ತು," ಎನ್ನುತ್ತಾರೆ. "ಇನ್ನು ಹೇಳ್ಬೇಕಾದೋರು ಅವ್ರು."