ಹಾಲವ್ವ ಬಿಟ್ಟ ಬೆಲ್ಲ

ಹೂವಪ್ಪನನ್ನು ಒಂದು ಕಡೆ ಕೂರಿಸಿ ಚಹಾ ಕುಡಿಸಿದವರಿಗೆ ನಾನೇ ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ. ಶಿಗ್ಗಾವಿ ಹತ್ತಿರದ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಇಲಿಗಳನ್ನು ಸಾಕುವ ಕೋಣೆ ಅವನ ಸುಪರ್ದಿಯಲ್ಲಿದೆ. ನಾವೆಲ್ಲ ಅದಕ್ಕೆ ಇಲಿಮನೆ ಅನ್ನುತ್ತೇವೆ. ನಾನು ಮುಮ್ತಾಜಬೇಗಂ, ಸವಣೂರಿನವಳು, ಪಕ್ಕದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹೂವಪ್ಪ ಹಾನಗಲ್ಲಿನಿಂದ ಮುಂಜಾನೆಯ ಬಸ್ಸಿಗೆ ಬರುತ್ತಾನೆ. ಬಂದವನೇ ಚೀಲ ಇಡುತ್ತಾನೆ, ತೆಗೆಯುತ್ತಾನೆ, ಮತ್ತೊಂದು ಕಡೆ ಇಡುತ್ತಾನೆ. ಅಕ್ಕಿಆಲೂರಿನ ಮಿಲ್ಲಿನಿಂದ ತರಿಸಿದ ಭತ್ತದ ಹೊಟ್ಟನ್ನು ಪಂಜರಗಳಿಗೆ ಹಾಸುವಾಗ ಮಾತ್ರ ಅವನ ಕೈ ನಿಧಾನ. ಇಲಿಗಳಿಗೆ "ಏ ತಂಗಿ" ಅನ್ನುತ್ತಾನೆ. ನನ್ನನ್ನು ಇದುವರೆಗೆ ಒಮ್ಮೆಯೂ ಅಷ್ಟು ಮೆತ್ತಗೆ ಮಾತಾಡಿಸಿಲ್ಲ.

ಈ ವರ್ಷ ನಮ್ಮ ಕಾಲೇಜಿನ ಪ್ರಾಧ್ಯಾಪಕಿ ಫರ್ಜಾನಾ ಮೇಡಂ ಅವರ ಸಂಶೋಧನೆ ಶುರುವಾದಾಗಿನಿಂದ ಅವನ ಚಡಪಡಿಕೆ ಇಮ್ಮಡಿಯಾಯಿತು. ಒತ್ತಡದಿಂದ ಬರುವ ಖಿನ್ನತೆಗೆ ದೇಹದಲ್ಲಿ ಏನೇನು ಗುರುತು ಸಿಗುತ್ತವೆ ಎಂದು ಇಲಿಗಳಲ್ಲಿ ಹುಡುಕುವ ಕೆಲಸ ಅದು. ಅರ್ಧ ಇಲಿಗಳು ಆರಾಮಾಗಿರುತ್ತವೆ. ಉಳಿದವಕ್ಕೆ ವಾರಗಟ್ಟಲೆ ಸಣ್ಣ ಸಣ್ಣ ಕಿರಿಕಿರಿ. ಒಂದು ದಿನ ಹಾಸಿದ ಹೊಟ್ಟು ಒದ್ದೆ, ಮತ್ತೊಂದು ದಿನ ಪಂಜರ ಓರೆ, ಇನ್ನೊಮ್ಮೆ ರಾತ್ರಿಯಿಡೀ ದೀಪ ಆರುವುದೇ ಇಲ್ಲ. ಹೊಟ್ಟಿಗೆ ನೀರು ಸುರಿಯುವ ಕೆಲಸ ಹೂವಪ್ಪನದು. "ನನ್ನ ಕೈಲೆ ಇದೇನ ಮಾಡಸಾಕತ್ತೀರಿ" ಎಂದು ಗೊಣಗುತ್ತಲೇ ಸುರಿಯುತ್ತಿದ್ದ.

ಆಮೇಲೆ ಪ್ರತಿ ಪಂಜರಕ್ಕೂ ಒಂದು ಬಾಟಲಿ ಬರೀ ನೀರು, ಒಂದು ಬಾಟಲಿ ಸಕ್ಕರೆ ನೀರು ಸಿಕ್ಕಿಸಿದರು. ಆರಾಮಿದ್ದವು ಸಕ್ಕರೆ ನೀರಿಗೇ ಮುಗಿಬಿದ್ದವು. ಕಿರಿಕಿರಿ ಉಂಡವಕ್ಕೆ ಯಾವ ಬಾಟಲಿಯಾದರೂ ಅಷ್ಟೇ. ಮೈ ನೆಕ್ಕಿ ಶುಚಿ ಮಾಡಿಕೊಳ್ಳುವುದನ್ನೂ ಅವು ಬಿಟ್ಟಿದ್ದವು. ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಏರಿದ್ದನ್ನು ನಾನೇ ಅಳೆದೆ.

"ಇದಕ್ಕ ಸಿಹಿ ಯಾಕ ಬ್ಯಾಡಾತ್ರಿ? ಏನಾರ ಹರಕಿ ಹೊತ್ತೈತೇನು?" ಎಂದು ಹೂವಪ್ಪ ನಕ್ಕ.

ಫರ್ಜಾನಾ ನಗಲಿಲ್ಲ. "ರುಚಿ ತಿಳಿತೈತಿ, ಹೂವಪ್ಪಣ್ಣ. ಅದರಾಗ ಖುಷಿ ಸಿಗವಲ್ದು."

"ದೊಡ್ಡ ದುಃಖ ಏನೂ ಆಗಿಲ್ಲಲ್ರಿ ಇದಕ್ಕ?"

"ದೊಡ್ಡದ ಆಗಬೇಕಂತೇನಿಲ್ಲ. ದಿನಾ ಒದ್ದಿ ಹಾಸಿಗಿ, ನಿದ್ದಿಗೆಟ್ಟ ರಾತ್ರಿ. ಅಷ್ಟ ಸಾಕಾಗತೈತಿ."

ಅವನ ನಗು ಅಲ್ಲೇ ನಿಂತಿತು. ಮಧ್ಯಾಹ್ನವಿಡೀ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ. ನೋಡಿ ನೋಡಿ ನನಗೇ ತಲೆ ತಿರುಗಿತು. ಬುತ್ತಿ ಬಿಚ್ಚಿ ಹಾಗೇ ಕಟ್ಟಿದ. ಕೊನೆಗೆ ಲ್ಯಾಬಿನ ಬಾಗಿಲಿಗೆ ಬಂದು ನಿಂತ.

"ಅಕ್ಕಾರ, ನಮ್ಮ ಹಾಲವ್ವ ಬೆಲ್ಲ ಬಿಟ್ಟಾಳ."

ಹಾಲವ್ವ ಅವನ ಹೆಂಡತಿ. ಬೆಲ್ಲದ ಚಹಾ ಇಲ್ಲದೆ ಕಣ್ಣು ಬಿಡದವಳು ಎಂದು ಅವನೇ ಎಷ್ಟೋ ಸಲ ಆಡಿಕೊಂಡಿದ್ದ. ಯುಗಾದಿಯಿಂದ ಅವಳು ಸಿಹಿ ಮುಟ್ಟಿರಲಿಲ್ಲ. ಹೋಳಿಗೆಯನ್ನೂ ಪಕ್ಕಕ್ಕೆ ಸರಿಸಿದ್ದಳು. ಲಕ್ವಾ ಹೊಡೆದು ಹಾಸಿಗೆ ಹಿಡಿದ ಅತ್ತೆ ಎದ್ದು ಕೂರಲೆಂದು ಹರಕೆ ಹೊತ್ತಿದ್ದಾಳೆ ಎಂದೇ ಮನೆಯವರೆಲ್ಲ ತಿಳಿದಿದ್ದರು. ಇಷ್ಟದ ತಿನಿಸು ಬಿಟ್ಟು ಹರಕೆ ಹೊರುವುದು ಅವರಲ್ಲಿ ರೂಢಿ. ಏನು, ಯಾಕೆ ಎಂದು ಮನೆಯವರು ಕೇಳುವಂತಿಲ್ಲ. ಕೇಳಿದರೆ ಫಲ ಕೆಡುತ್ತದೆ. ಹಾಗಾಗಿ ಯಾರೂ ಕೇಳಿರಲಿಲ್ಲ. ಓಣಿ ತುಂಬ ಹೊಗಳಿದ್ದರು ಅಷ್ಟೇ. ಹೂವಪ್ಪ ನಮ್ಮ ಲ್ಯಾಬಿನಲ್ಲೂ ಎದೆಯುಬ್ಬಿಸಿ ಹೇಳಿಕೊಂಡಿದ್ದ.

ಫರ್ಜಾನಾರನ್ನು ಕರೆದು ಹೇಳಿದೆ. "ಇಲಿ ನೋಡಿ ಮನಷ್ಯಾರ್ನ ಅಳಿಬ್ಯಾಡ್ರಿ" ಎಂದು ಅವರು ಅವನಿಗೆ ತಿಳಿಹೇಳಿದರು. "ಇಲಿ ಬಾಯಿಬಿಟ್ಟು ಹೇಳೂದಿಲ್ಲಂತ ರಕ್ತ ತಗಿತೇವಿ. ಮನಿಯಾಕೀನ ಕೇಳಬಹುದಲ್ಲ?"

"ಖರೇನ ಹರಕಿ ಇದ್ರ? ನಾ ಕೇಳಿ, ನಾಳೆ ನಮ್ಮವ್ವಗ ಏನಾರ ಆದ್ರ?" ಅವನು ನನ್ನ ಕಡೆ ತಿರುಗಿದ. "ಅಕ್ಕಾರ, ನೀವು ಹೊರಗಿನವ್ರು. ನೀವ ಕೇಳ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಕಟ್ಟಿಕೊಂಡ ಹೆಂಡತಿಯನ್ನು ಮಾತಾಡಿಸಲು ಸವಣೂರಿನಿಂದ ಬಾಡಿಗೆ ಬಾಯಿ ಬೇಕೇ? ಬೈಯುತ್ತಲೇ ಅವನ ಜೊತೆ ಹಾನಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನು ಕಿಟಕಿ ಸರಿಸಿದ, ಮುಚ್ಚಿದ, ಮತ್ತೆ ಸರಿಸಿದ. ಹಿಂದಿನ ಸೀಟಿನವರಿಂದ ಬೈಸಿಕೊಂಡ. "ಹರಕಿ ಐತಿ ಅಂದ್ರ ಚಲೋ ಅಕ್ಕೈತಿ, ಹೌದಲ್ರಿ?" ಎಂದು ಕೇಳಿದ. ನಾನು ಅವನ ಕೈ ಸರಿಸಿ ಕಿಟಕಿ ಮುಚ್ಚಿದೆ.

ಹಾಲವ್ವ ಹಿತ್ತಲಲ್ಲಿ ಅತ್ತೆಯ ಹಾಸಿಗೆಯ ಒದ್ದೆ ಕೌದಿ ಹಿಂಡುತ್ತಿದ್ದಳು. ಮುಡಿ ಬಾಚಿ ಎಷ್ಟು ದಿನವಾಗಿತ್ತೋ. ಕಣ್ಣ ಕೆಳಗೆ ಕಪ್ಪಾಗಿತ್ತು. "ಬರ್ರಿ, ಕುಂಡ್ರಿ" ಎಂದಳು, ಕೈ ನಿಲ್ಲಿಸಲಿಲ್ಲ. ಹೂವಪ್ಪ ಬಾಗಿಲ ಒಳಗೇ ಉಳಿದ.

ಸುತ್ತಿ ಬಳಸುವುದು ನನ್ನ ಜಾಯಮಾನವಲ್ಲ. "ಬೆಲ್ಲ ಯಾಕ ಬಿಟ್ಟೀರಿ, ಹಾಲವ್ವಾರ? ಹರಕಿ ಏನ್ರಿ?"

ಅವಳು ಕೌದಿಯನ್ನೇ ನೋಡುತ್ತ ನಿಂತಳು. "ಯಾ ಹರಕಿನೂ ಇಲ್ರಿ. ಯಾಕೋ ಬ್ಯಾಡಾತು. ಮೊದಲ ಬೆಲ್ಲ, ಆಮ್ಯಾಲ ಊಟ, ಆಮ್ಯಾಲ ಮಾತು. ಹರಕಿ ಅಂತ ಮನ್ಯಾಗಿನವರ ಅಂದ್ರು. ಅಷ್ಟ ಹೊಗಳಿದ ಮ್ಯಾಲ ಅಲ್ಲ ಅನ್ನೂದು ಹ್ಯಾಂಗ್ರಿ?"

ಹೂವಪ್ಪ ಹೊರಗೆ ಬಂದು ಕೌದಿಯ ಇನ್ನೊಂದು ತುದಿ ಹಿಡಿದ. ಅವನು ಅಲುಗದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಾಳೆ ದವಾಖಾನಿಗೆ ಹೋಗೂಣು" ಎಂದ. ಆಮೇಲೆ, "ನನಗರ ಹೇಳಬಾರದಿತ್ತೇನ?"

"ನೀವು ಕೇಳ್ತೀರಂತ ಕಾದೆ" ಎಂದಳು ಹಾಲವ್ವ. "ಆಮ್ಯಾಲ ಕಾಯೂದೂ ಬ್ಯಾಡಾತು."